ಮನೆಯವರು ‘ದೇ’ ಅಲ್ಲ, ‘ಹೀ’!

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ಇಂಗ್ಲಿಷಿನಲ್ಲೇ ‘ಮಗುವಿನ ತಂದೆ ಬರಲಿಲ್ವಾ?’ ಅಂತ ಕೇಳುತ್ತಾರೆ. ನೀವು ‘ದೇ ಆರ್ ಇನ್ ಆಫೀಸ್’ ಅಂದುಬಿಡುತ್ತೀರಿ. ಎಷ್ಟು ಜನ ಅಂತ ಟೀಚರ್‌ಗೆ ಗಲಿಬಿಲಿ! ನೀವು ದಡ್ಡರೇನಲ್ಲ. ಇದು ನಮ್ಮ ‘ಅವರು’ ಮಾಡಿದ ಕೀಟಲೆ, ಅಷ್ಟೇ. ಕನ್ನಡದಲ್ಲಿ ಗೌರವಕ್ಕೂ ಬಹುವಚನವೇ. ಇಂಗ್ಲಿಷಿನಲ್ಲಿ ಗಂಡ, ಮಾವ ಇಬ್ಬರೂ ‘ಹೀ’, ಅತ್ತೆ ‘ಶೀ’. ಅದರಲ್ಲಿ ಅಗೌರವ ಇಲ್ಲ. ನೀನು, ನೀವು ಎರಡಕ್ಕೂ ಒಂದೇ ‘ಯೂ’ ಇದೆಯಲ್ಲ, ಹಾಗೆ.

ಉಳಿದ ಸರ್ವನಾಮಗಳಿಗೆ ಕನ್ನಡವೇ ದಾರಿ ತೋರಿಸುತ್ತದೆ.

* ನಾನು ಅಂದರೆ ‘ಐ’. ನನಗೆ, ನನ್ನನ್ನು ಎರಡಕ್ಕೂ ‘ಮಿ’. ಅವರಿಗೆ ಹೇಳಿದೆ (ಗಂಡನಿಗೆ) ಎನ್ನಲು ‘ಐ ಟೋಲ್ಡ್ ಹಿಮ್’. ಅತ್ತೆಗಾದರೆ ‘ಐ ಟೋಲ್ಡ್ ಹರ್’.

* ನನ್ನ ಎಂಬುದು ‘ಮೈ’, ನನ್ನದು ಎಂಬುದು ‘ಮೈನ್’. ‘ದಿಸ್ ಈಸ್ ಮೈ ಬ್ಯಾಗ್’, ‘ದಿಸ್ ಬ್ಯಾಗ್ ಈಸ್ ಮೈನ್’. ‘ಮೈನ್ ಬ್ಯಾಗ್’ ಅನ್ನಬೇಡಿ.

* ಪರಿಚಯಕ್ಕೆ ‘ಮೈಸೆಲ್ಫ್ ಸುಧಾ’ ಬೇಡ, ‘ಐ ಆ್ಯಮ್ ಸುಧಾ’ ಸಾಕು. ‘ನಾನೇ ಮಾಡಿದ್ದು’ ಅನ್ನೋವಾಗ ‘ಮೈಸೆಲ್ಫ್’ ಬಳಸಿ: ‘ಐ ಮೇಡ್ ಇಟ್ ಮೈಸೆಲ್ಫ್’.

* ಯಾರೋ ಫೋನ್ ಮಾಡಿದ್ದರು, ಗಂಡಸೋ ಹೆಂಗಸೋ ಗೊತ್ತಿಲ್ಲ ಅಂದಾಗ ಒಬ್ಬರಿಗೂ ‘ದೇ’ ನಡೆಯುತ್ತದೆ.

ಇವತ್ತಿನಿಂದಲೇ ಅಡುಗೆ ಮಾಡುತ್ತಾ ಮನೆಯ ಒಬ್ಬೊಬ್ಬರ ಬಗ್ಗೆ ಎರಡೆರಡು ವಾಕ್ಯ ಗಟ್ಟಿಯಾಗಿ ಹೇಳಿಕೊಳ್ಳಿ. ತಪ್ಪಿದರೆ ಮಕ್ಕಳು ನಕ್ಕಾರು. ನಗಲಿ ಬಿಡಿ, ತಿದ್ದಲಿಕ್ಕೂ ಅವರೇ ಬರುತ್ತಾರೆ. ತಪ್ಪಾದೀತೆಂದು ಬಾಯಿ ಮುಚ್ಚಿಕೊಂಡು ಕೂತರೆ ಮಾತ್ರ ಯಾವ ಭಾಷೆಯೂ ಒಲಿಯದು.