ಕರಿಮಣಿ ಹೆಚ್ಚಿದಾಗ

ಮಲೆನಾಡಿನ ಮನೆಗಳಲ್ಲಿ ಕರಿಮಣಿ ಸರ ಹರಿಯುವುದಿಲ್ಲ, ಹೆಚ್ಚುತ್ತದೆ. ಬಳೆ ಒಡೆದರೂ ‘ಹೆಚ್ಚಿತು’ ಎನ್ನುವ ನಾಲಿಗೆಗೆ ತಾಳಿಯ ವಿಷಯದಲ್ಲಿ ತುಂಡಾಯಿತು ಎಂಬ ಮಾತು ಬರುವುದಾದರೂ ಹೇಗೆ? ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಹರಿಹರಪುರದ ಆಸುಪಾಸಿನಲ್ಲಿ ಒಳದಾರಿ ಹಿಡಿದರೆ ನಮ್ಮ ದೊಡ್ಡಮ್ಮನ ಮನೆ. ಸರ ಹೆಚ್ಚಿಸಿಕೊಂಡವರು ಅಲ್ಲಿಗೆ ಬರುತ್ತಾರೆ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಮಣಿ, ಕೊರಳಲ್ಲಿ ಸದ್ಯಕ್ಕೆಂದು ಅರಿಶಿನದ ಕೊಂಬು ಕಟ್ಟಿದ ದಾರ. ಕೊಂಬು ಕಟ್ಟಿಕೊಂಡವಳಿಗೆ ಅವಸರ. ದೊಡ್ಡಮ್ಮನಿಗೆ ಎಂದೂ ಅವಸರವಿಲ್ಲ. “ಕೂತ್ಕೊ ಮಾರಾಯ್ತಿ, ಮೊದಲು ಎಣಿಸುವ” ಎನ್ನುತ್ತಾಳೆ. ಎಣಿಸಿ ಮುಗಿಯುವಷ್ಟರಲ್ಲಿ ಕಾಫಿ ಆಗಿರುತ್ತದೆ, ಬಂದವಳ ಮನೆಯ ಸಮಾಚಾರವೆಲ್ಲ ಹೊರಬಿದ್ದಿರುತ್ತದೆ.

ನಾನು ಹೋಗಿದ್ದು ಬೇರೆಯದನ್ನು ಬರೆಯಲು. ಶೃಂಗೇರಿಯ ದೇವಸ್ಥಾನದ ಬೀದಿಯ ಜಪಮಾಲೆಯ ಅಂಗಡಿಗಳ ಮೇಲೊಂದು ಲೇಖನ ಎಂದುಕೊಂಡಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ಮಣಿಗೆ ಬರವಿಲ್ಲ. ಶೃಂಗೇರಿಯ ಶಾರದೆಯ ಕೈಯಲ್ಲೇ ಜಪಮಾಲೆ. ಕೆಳಗೆ ಅಂಗಡಿಗಳಲ್ಲಿ ರುದ್ರಾಕ್ಷಿ, ಸ್ಫಟಿಕ, ತುಳಸಿ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ. ವೀರಶೈವರಿಗೆ ರುದ್ರಾಕ್ಷಿ ಅಷ್ಟಾವರಣಗಳಲ್ಲಿ ಒಂದು. ಅದೇ ತಾಲ್ಲೂಕಿನ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ. ಅಲ್ಲಿಗೆ ಬರುವ ಜೈನರ ಮಾಲೆಯಲ್ಲೂ 108 ಮಣಿ. ಇಷ್ಟನ್ನು ಗೀಚಿಕೊಂಡು ದೊಡ್ಡಮ್ಮನಿಗೆ ಓದಿ ಹೇಳಿದೆ. “ಅದೆಲ್ಲ ಎಣಿಸೋ ಮಣಿ. ತೊಡೋ ಮಣಿ ಬಗ್ಗೆ ಯಾರೂ ಬರೆಯೋದಿಲ್ಲ ಅಲ್ಲನಾ?” ಎಂದಳು. ಲೇಖನ ಅಲ್ಲಿಗೇ ಮುರಿಯಿತು. ಅಥವಾ ಹೆಚ್ಚಿತು.

ತೊಡುವ ಮಣಿಯ ಹೆಸರುಗಳನ್ನು ಕೇಳಿ: ಅವಲಕ್ಕಿ ಸರ, ಗೋಧಿ ಸರ, ಗುಂಡಿನ ಸರ, ಹವಳದ ಸರ, ಕಟ್ಟಾಣಿ. ಅರ್ಧಕ್ಕರ್ಧ ಅಡುಗೆಮನೆಯ ಡಬ್ಬಿಗಳ ಮೇಲಿನ ಹೆಸರು. ಹೆಸರಿಟ್ಟವರು ಯಾರೆಂದು ಇದರಿಂದಲೇ ಊಹಿಸಬಹುದು. ಚಿನ್ನದ ಗುಂಡನ್ನು ಮಾಡುವವನು ಅಕ್ಕಸಾಲಿಗ, ಅದು ಸರಿ. ಆದರೆ ಎಷ್ಟು ಕರಿಮಣಿಗೆ ಒಂದು ಗುಂಡು, ಹವಳ ಎಲ್ಲಿ, ಎರಡೆಳೆ ಎಲ್ಲಿ ಸೇರಿ ಒಂದೆಳೆಯಾಗಬೇಕು, ಇವನ್ನೆಲ್ಲ ತೀರ್ಮಾನಿಸುವುದು ಪೋಣಿಸುವ ಕೈ. ಪೇಟೆಯ ಭಾಷೆಯಲ್ಲಿ ಅದನ್ನು ಡಿಸೈನ್ ಎನ್ನುತ್ತಾರೆ. ದೊಡ್ಡಮ್ಮ ‘ಲೆಕ್ಕ’ ಎನ್ನುತ್ತಾಳೆ.

ಆ ಲೆಕ್ಕದ ಪುಸ್ತಕವನ್ನು ನೋಡಿದ ಮೇಲೆ ನನಗೆ ಬೇರೇನೂ ಬರೆಯಲು ಮನಸ್ಸಾಗಲಿಲ್ಲ. ಮಕ್ಕಳು ಗಣಿತ ಮಾಡುವ ಚೌಕುಳಿ ನೋಟ್‌ಬುಕ್. ರಟ್ಟು ಹೋಗಿದೆ, ಹಾಳೆಗಳಿಗೆ ಮಲೆನಾಡಿನ ಬೂಸು ಹಿಡಿದ ವಾಸನೆ. ಒಂದೊಂದು ಚೌಕದಲ್ಲಿ ಒಂದೊಂದು ಗುರುತು. ಚುಕ್ಕೆಯೆಂದರೆ ಕರಿಮಣಿ, ಸೊನ್ನೆಯೆಂದರೆ ಗುಂಡು, ಅಡ್ಡಗೆರೆ ಹವಳ. ಕೆಳಗೆ ಹೆಸರು: ‘ಹಿಂಗಾರ’, ‘ಕಾಫಿ ಹೂ’, ‘ಸೋನೆ’. ಹಿಂಗಾರದಲ್ಲಿ ಮೂರು ಕರಿಮಣಿಗೊಮ್ಮೆ ಪುಟ್ಟ ಬಿಳಿಮಣಿಯ ಕವಲು ಹೊರಬಂದು ಮತ್ತೆ ಎಳೆಯೊಳಗೆ ಸೇರಿಕೊಳ್ಳುತ್ತದೆ. ದೂರದಿಂದ ನೋಡಿದರೆ ಅಡಿಕೆಯ ಹಿಂಗಾರವೇ. ಸೋನೆಯಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣವಿಲ್ಲ. ಎಳೆಗಳ ಉದ್ದ ಮಾತ್ರ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು. ಕೊರಳಿಗೆ ಹಾಕಿದಾಗ ಅದು ನಡುವಿನಲ್ಲಿ ಇಳಿದು ನಿಲ್ಲುತ್ತದೆ. “ರಂಗೋಲಿ ಬಂದವಳಿಗೆ ಇದು ಕಷ್ಟ ಅಲ್ಲ. ಅಲ್ಲಿ ಚುಕ್ಕಿ ನೆಲದ ಮೇಲೆ, ಇಲ್ಲಿ ದಾರದ ಮೇಲೆ” ಎಂದಳು. ಕಷ್ಟವಲ್ಲ ಎಂದು ಅವಳು ಹೇಳಿದ್ದನ್ನು ನಾನು ಒಂದು ಮಧ್ಯಾಹ್ನವಿಡೀ ಮಾಡಲು ಹೋಗಿ ಎರಡು ಬೆರಳಗಲ ಪೋಣಿಸಿದೆ. ಅದರಲ್ಲೂ ಒಂದು ತಪ್ಪು.

ಅದೇ ಪುಸ್ತಕದ ಕೊನೆಯಲ್ಲಿ ಹಳೆಯ ಮಣಿ ಕೆಲಸದ ನಕ್ಷೆಗಳೂ ಇವೆ. ಬಾಗಿಲ ತೋರಣ, ಜೋಡಿ ಹಂಸ, ಕೊಳಲು ಹಿಡಿದ ಕೃಷ್ಣ. ಒಂದು ಕಾಲಕ್ಕೆ ನಮ್ಮ ಕಡೆಯ ಜಗುಲಿಗಳಲ್ಲಿ ಗಾಜಿನ ಕಟ್ಟು ಹಾಕಿದ ಮಣಿಹಂಸವಿಲ್ಲದ ಮನೆ ಅಪರೂಪ. ದೊಡ್ಡಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ ಇಂಗ್ಲಿಷ್ ‘ವೆಲ್‌ಕಮ್’ ತೋರಣದಲ್ಲಿ ‘ಎಲ್’ ಎರಡು ಬಾರಿ ಇದೆ. ತೋರಿಸಿದರೆ, “ಇರ್ಲಿ ಬಿಡು, ಇಬ್ಬರಿಗೂ ಸ್ವಾಗತ” ಎನ್ನುತ್ತಾಳೆ.

ಪೋಣಿಸುವ ಕೆಲಸದಲ್ಲಿ ಮಣಿಗಿಂತ ಮುಖ್ಯವಾದದ್ದು ದಾರ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯ ಮೇಲೆ ಮಣಿ ಹರಡುವುದು, ತೂತು ಮುಚ್ಚಿದ್ದನ್ನು ಬೇರೆ ಮಾಡುವುದು, ಇವೆಲ್ಲ ಹತ್ತು ನಿಮಿಷದ ಮಾತು. ದಾರಕ್ಕೆ ಅರ್ಧ ದಿನ. ರೇಷ್ಮೆಯ ಎಳೆ ಎರಡನ್ನು ತೊಡೆಯ ಮೇಲೆ ಹೊಸೆದು, ಜೇನುಮೇಣದ ಉಂಡೆಯ ಮೇಲೆ ಎಳೆದು, ನೆರಳಲ್ಲಿ ತೂಗುಹಾಕಬೇಕು. ಮೇಣ ಹಿಡಿಯದ ದಾರಕ್ಕೆ ಬೆವರು ಇಳಿಯುತ್ತದೆ, ಮಳೆಗಾಲದಲ್ಲಿ ಬೂಸು ಬರುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಈ ಸೀಮೆಯಲ್ಲಿ ಹತ್ತಿದಾರ ನಂಬಿದವಳು ಕೆಟ್ಟಳು ಎಂದೇ ಲೆಕ್ಕ. ಹಿಂದೆ ಈ ಕೆಲಸಕ್ಕೆ ಸೂಜಿ ಇರಲಿಲ್ಲ. ದಾರದ ತುದಿಯನ್ನು ಗಂಜಿಯಲ್ಲಿ ಅದ್ದಿ, ತಿರುಚಿ, ಒಣಗಿಸಿದರೆ ಅದೇ ಸೂಜಿ. ಗುಂಡಿನ ಎರಡೂ ಬದಿಗೆ ಒಂದೊಂದು ಗಂಟು ಹಾಕುತ್ತಾಳೆ. ಸರ ಹೆಚ್ಚಿದರೂ ಚಿನ್ನ ಜಾರಬಾರದು. ನೈಲಾನ್ ದಾರ ಗಟ್ಟಿ, ನಿಜ. ಆದರೆ ಅದರಲ್ಲಿ ಗಂಟು ಕೂರುವುದಿಲ್ಲ, ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಬೇಕು. ಕರಿಮಣಿಗೆ ಬೆಂಕಿ ತೋರಿಸುವುದು ಅವಳಿಗೆ ಸರಿಬರುವುದಿಲ್ಲ.

ಸಣ್ಣ ಕರಿಮಣಿಗೆ ಅಂಗಡಿಯವರು ಹನ್ನೊಂದನೇ ನಂಬರ್ ಎನ್ನುತ್ತಾರೆ. ಅಡ್ಡಕ್ಕೆ ಎರಡು ಮಿಲಿಮೀಟರ್, ತೂತಿನ ಉದ್ದಕ್ಕೆ ಒಂದೂವರೆ. 45 ಸೆಂಟಿಮೀಟರಿನ ಒಂದು ಎಳೆಗೆ ಮುನ್ನೂರು ಮಣಿ, ಎರಡೆಳೆಗೆ ಆರುನೂರು. ಒಂದು ಗುಟ್ಟು ಹೇಳುತ್ತೇನೆ. ಎಷ್ಟೋ ಕರಿಮಣಿ ಕಪ್ಪೇ ಅಲ್ಲ. ಮ್ಯಾಂಗನೀಸ್ ಹೆಚ್ಚು ಸೇರಿಸಿದ ಗಾಜು ಅದು. ಒಡೆದ ಚೂರನ್ನು ಬಿಸಿಲಿಗೆ ಹಿಡಿದರೆ ಅಂಚು ನೇರಳೆ. ಬಣ್ಣ ಬಳಿದ ಅಗ್ಗದ ಮಣಿ ಕೊರಳಲ್ಲೇ ಬಿಳಿಚಿಕೊಳ್ಳುತ್ತದೆ.

ಚರಿತ್ರೆ ನನಗೆ ಸಿಕ್ಕಿದ್ದು ಅವಳ ಬಾಯಿಂದ. ದೊಡ್ಡಮ್ಮನ ತವರು ನರಸಿಂಹರಾಜಪುರದ ಕಡೆ. ಹಳಬರಿಗೆ ಅದು ಎಡೇಹಳ್ಳಿ. ತರೀಕೆರೆಯಿಂದ ಅಲ್ಲಿಗೆ ಪುಟ್ಟ ರೈಲು ಓಡುತ್ತಿದ್ದ ಕಾಲದಲ್ಲಿ ಬಳೆಗಾರ ತನ್ನ ಮಲಾರದಲ್ಲಿ ಮಣಿಯ ಕಟ್ಟುಗಳನ್ನೂ ತರುತ್ತಿದ್ದನಂತೆ. ಆ ಮಣಿ ಎಲ್ಲಿಯದೆಂದು ಯಾರೂ ಕೇಳುತ್ತಿರಲಿಲ್ಲ. ಗಾಜಿನ ಮಣಿಗೆ ಆಂಧ್ರದ ಪಾಪನಾಯುಡುಪೇಟೆ, ಉತ್ತರಪ್ರದೇಶದ ಪುರ್ದಿಲ್‌ನಗರ ಹೆಸರಾದವು. ಚೆಕ್ ದೇಶದ ಯಾಬ್ಲೊನೆಟ್ಸ್ ಜಗತ್ತಿಗೇ ಮಣಿ ಕಳಿಸಿದ ಊರು. ಈಗ ಮೊಮ್ಮಗಳು ಆನ್‌ಲೈನಿನಲ್ಲಿ ತರಿಸಿಕೊಡುವುದು ಜಪಾನಿನ ಮಿಯುಕಿ ಮಣಿ. ಅಳತೆ ಒಂದಕ್ಕೊಂದು ತಪ್ಪುವುದಿಲ್ಲ. “ತಪ್ಪದೇ ಇದ್ರೆ ಚಂದ ಹೌದು, ಆದ್ರೆ ಆರಿಸುವ ಕೆಲಸ ಹೋಯ್ತಲ್ಲ” ಎಂಬುದು ದೊಡ್ಡಮ್ಮನ ದೂರು.

ಇನ್ನೊಂದು ಕಥೆ ಅವಳ ತಾಯಿಯದು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್ಟಿಗಿಂತ ಮೇಲಿನ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ. ಮನೆಯಲ್ಲಿ ಹೆಣ್ಣಿನ ಮದುವೆ, ಅಕ್ಕಸಾಲಿಗ ಕೈಕಟ್ಟಿ ಕೂತಿದ್ದಾನೆ. ತಾಯಿ ತನ್ನದೇ ಸರ ಬಿಚ್ಚಿ, ಅದರ ಗುಂಡುಗಳನ್ನು ಎರಡು ಪಾಲು ಮಾಡಿದಳು. ನಾಲ್ಕು ಗುಂಡು ಇರುತ್ತಿದ್ದಲ್ಲಿ ಎರಡು. ನಡುವೆ ಉಳಿದ ಜಾಗಕ್ಕೆ ಕರಿಮಣಿಯನ್ನೇ ಹೆಣೆದು ಮೊಗ್ಗು ಮಾಡಿದಳು. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿರುವುದು ಆ ಮೊಗ್ಗು. ಚಿನ್ನ ಸಾಲದ ಜಾಗದಲ್ಲಿ ಹುಟ್ಟಿದ ಆ ಲೆಕ್ಕವೇ ಚಿನ್ನ ತುಂಬಿದ ಸರಕ್ಕಿಂತ ನನಗೆ ಚಂದ ಕಂಡಿತು.

ಬೀಜಗಳನ್ನೂ ದೊಡ್ಡಮ್ಮ ಬಿಟ್ಟವಳಲ್ಲ. ಗದ್ದೆ ಅಂಚಿನ ಹುಲ್ಲೊಂದು ಬೂದುಬಣ್ಣದ ಹೊಳೆಯುವ ಕಾಳು ಬಿಡುತ್ತದೆ. ನಡುವಿನ ಕಡ್ಡಿ ಎಳೆದರೆ ತೂತು ತಾನೇ ಸಿದ್ಧ. ಮಕ್ಕಳಾಗಿದ್ದಾಗ ನಮ್ಮ ಮೊದಲ ಸರ ಅದೇ. ಆನೆ ಗುಲಗಂಜಿಯ ಕೆಂಪು ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಚುಚ್ಚುತ್ತಾಳೆ. ಕಪ್ಪು ಕಣ್ಣಿನ ಗುಲಗಂಜಿಯನ್ನು ಮಾತ್ರ ಮುಟ್ಟುವುದಿಲ್ಲ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಅದು, ಆದರೆ ಒಳಗಿರುವುದು ಕಡುವಿಷ. ಚುಚ್ಚುವಾಗ ಸೂಜಿ ಬೆರಳಿಗೆ ತಾಗಿದರೆ ಅಪಾಯ.

2021ರ ನವೆಂಬರಿನಲ್ಲಿ ಹಾಲಕ್ಕಿ ಸಮುದಾಯದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ದೇಶವೆಲ್ಲ ಅವರ ಬರಿಗಾಲು ನೋಡಿತು. ದೊಡ್ಡಮ್ಮ ನೋಡಿದ್ದು ಕೊರಳು. ಹಾಲಕ್ಕಿ ಹೆಂಗಸರು ಕುತ್ತಿಗೆ ಮುಚ್ಚುವಷ್ಟು ಮಣಿಸರ ಹಾಕುತ್ತಾರೆ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರದ್ದೂ ಅದೇ ಅಲಂಕಾರ. ತುಳಸಿ ಗೌಡರ ಆ ಚಿತ್ರವನ್ನು ದೊಡ್ಡಮ್ಮ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಭೂತಗನ್ನಡಿ ಹಿಡಿದು ಎಳೆ ಎಣಿಸಲು ನೋಡಿದ್ದಾಳೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿ, ಅದರ ಮುಂದೆ ಪ್ರಶ್ನೆಯ ಗುರುತು. ಇಬ್ಬರು ಹಿರಿಯರೂ ಈಗಿಲ್ಲ.

ಕೆಲಸ ಕಡಿಮೆಯಾಗಿದೆ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈಗಿನ ಗಿಡ್ಡ ಮಂಗಳಸೂತ್ರದಲ್ಲಿ ಮಣಿಗಳನ್ನು ಚಿನ್ನದ ತಂತಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅದರಲ್ಲಿ ದಾರವೇ ಇಲ್ಲ, ಹೆಚ್ಚುವ ಮಾತೂ ಇಲ್ಲ. 1999ರ ‘ಉಪೇಂದ್ರ’ ಚಿತ್ರದ ಕರಿಮಣಿಯ ಹಾಡು 2024ರಲ್ಲಿ ರೀಲ್ಸ್ ತುಂಬ ಕುಣಿಯಿತು. ಆಗಲೂ ದೊಡ್ಡಮ್ಮನ ಜಗುಲಿಗೆ ಹೆಚ್ಚುವರಿಯಾಗಿ ಬಂದದ್ದು ಮೊಮ್ಮಕ್ಕಳ ನಗು ಮಾತ್ರ. ಒಮ್ಮೆ ಪೇಟೆಯ ಅಂಗಡಿಯೊಂದು ‘ಹಿಂಗಾರ’ದ ನಮೂನೆ ತರಿಸಿಕೊಂಡಿತ್ತು. ಆರ್ಡರ್ ಬರಲಿಲ್ಲ, ನಮೂನೆಯೂ ವಾಪಸ್ಸಾಗಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅಕ್ಕಸಾಲಿಗರಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ಮೀನುಬಲೆ ಹೆಣೆಯುವವರೂ ಇದ್ದಾರೆ. ಇರಲಿ, ಇರಬೇಕಾದವರೇ. ಮಣಿ ಪೋಣಿಸುವವಳು ಮಾತ್ರ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಕೂತು ಮಾಡುವುದು, ಅದೂ ರಿಪೇರಿ, ಅದೂ ಹೆಂಗಸು. ಕಸುಬೆಂದು ಯಾರಿಗೂ ಕಾಣಲಿಲ್ಲ. ದೊಡ್ಡಮ್ಮನಿಗೂ ಕಾಣಲಿಲ್ಲ ಎನ್ನಿ. ಇಂದಿಗೂ ಅವಳು ಇಷ್ಟು ಕೊಡು ಎಂದು ಬಾಯಿಬಿಟ್ಟು ಕೇಳಿದ್ದಿಲ್ಲ. ವೀಳ್ಯದೆಲೆಯ ಮೇಲೆ ಇಟ್ಟಷ್ಟು ತೆಗೆದುಕೊಳ್ಳುತ್ತಾಳೆ. ಕೆಲವರು ಇಡುವುದನ್ನು ನೋಡಿದರೆ ಎಲೆಯ ಬೆಲೆಯೇ ಹೆಚ್ಚು.

ಮೊದಲು ಇದು ಮಳೆಗಾಲದ ಕೆಲಸವಾಗಿತ್ತು. ಹೊರಗೆ ಕಾಲಿಡಲಾಗದ ಆಷಾಢದ ದಿನಗಳಲ್ಲಿ, ಚಿಮಣಿ ದೀಪದ ಬೆಳಕಿನಲ್ಲೇ ಸರಗಳು ಮುಗಿಯುತ್ತಿದ್ದವು. ಈಗ ದೊಡ್ಡಮ್ಮನ ಕಣ್ಣಿಗೆ ಕರೆಂಟಿನ ಬೆಳಕು ಸಾಲದು. ಅಂಗಳಕ್ಕೆ ಬಿಸಿಲು ಬೀಳುವ ಹತ್ತರಿಂದ ಹನ್ನೆರಡು ಗಂಟೆಯವರೆಗೆ, ಅದೂ ಮಳೆ ಪೂರ್ತಿ ಬಿಟ್ಟ ಮೇಲೆ ಮಾತ್ರ ಸೂಜಿ ಹಿಡಿಯುತ್ತಾಳೆ. ನಿಮ್ಮ ಮನೆಯಲ್ಲೂ ಹೆಚ್ಚಿದ ಸರವಿದ್ದರೆ ಮಣಿಗಳನ್ನು ಬಿಸಾಡಬೇಡಿ, ಎಣಿಸಿ ಡಬ್ಬಿಯಲ್ಲಿ ಹಾಕಿಡಿ. ಬರುವುದಾದರೆ ದೀಪಾವಳಿ ಕಳೆದ ಮೇಲೆ ಬನ್ನಿ.