ಹೊಂಡದ ಮೀನುಗಳ ಆರೋಗ್ಯ

ಹಾರೂಗೇರಿಯ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಹೊಂಡ, ಕೆರೆಗಳಲ್ಲಿ ಮೀನು ಸಾಕಬಯಸುವ ಗೌಡರೂ ಭೂಮಾಲಕರೂ ಒಂದು ಸಂಗತಿಯನ್ನು ಮುಖ್ಯವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು. ಹಗಲಿನಲ್ಲಿ ನೀರಿನ ಪಾಚಿಯು ಬಿಸಿಲಿನ ಸಹಾಯದಿಂದ ಇದನ್ನು ಉತ್ಪನ್ನ ಮಾಡುತ್ತದೆ. ರಾತ್ರಿಯಲ್ಲಿ ಅದೇ ಪಾಚಿಯೂ ಕೊಳೆಯುವ ಗೊಬ್ಬರವೂ ಇದನ್ನು ವ್ಯಯ ಮಾಡುತ್ತವೆ. ಆದಕಾರಣ ಸೂರ್ಯೋದಯಕ್ಕೆ ಮುಂಚೆ ಇದರ ಅಭಾವವು ಅತ್ಯಧಿಕ. ಮೋಡ ಕವಿದ ದಿನಗಳ ತರುವಾಯ ಅಪಾಯವು ಮತ್ತಷ್ಟು ಹೆಚ್ಚು.

ಆ ವೇಳೆಯಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದರೆ, ಹಸಿವೆಂದು ಭಾವಿಸಿ ಹಿಂಡಿ ಚೆಲ್ಲಕೂಡದು. ತಿನ್ನದೆ ಉಳಿದ ಹಿಂಡಿಯು ಕೊಳೆತು ಸಂಕಟವನ್ನು ಹೆಚ್ಚಿಸುವುದು. ಒಂದೇ ರಾತ್ರಿಯಲ್ಲಿ ವರ್ಷದ ಫಲವೆಲ್ಲ ನಾಶವಾದೀತು. ಕೂಡಲೇ ಆಹಾರವನ್ನೂ ಸಗಣಿಯನ್ನೂ ನಿಲ್ಲಿಸಿ, ಪಂಪಿನ ನೀರನ್ನು ಎತ್ತರದಿಂದ ಚದರಿಸಿ ಬೀಳಿಸತಕ್ಕದ್ದು. ಬಾವಿಯ ನೀರನ್ನು ಸುಮ್ಮನೆ ಹರಿಯಬಿಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಅದು ಗಾಳಿಯೊಡನೆ ಬೆರೆಯಬೇಕು.

1957ರಲ್ಲಿ ಹೀರಾಲಾಲ ಚೌಧರಿಯವರೂ ಅಲಿಕುನ್ಹಿಯವರೂ ಚುಚ್ಚುಮದ್ದಿನಿಂದ ರೋಹು, ಮೃಗಾಲ್ ಮೀನುಗಳಿಗೆ ತತ್ತಿಯಿಡಿಸಿದ ಮೇಲೆ, ಮರಿಗಳಿಗಾಗಿ ಹೊಳೆಯನ್ನೇ ನಂಬಬೇಕಾದ ಕಷ್ಟವು ತಪ್ಪಿತು. ಮರಿಗಳು ಸುಲಭವಾಗಿ ದೊರೆಯುವುದರಿಂದ ಮಿತಿಮೀರಿ ಬಿಡುವ ಆಶೆಯು ಸಹಜ; ಆದರೆ ಸಾಧಾರಣ ಹೊಂಡಕ್ಕೆ ಎಕರೆಗೆ ಬೆರಳುದ್ದದ ಸುಮಾರು 2000 ಮರಿಗಳು ಸಾಕು. ಮೇಲೆ ಮೇಯುವ ಕಾಟ್ಲಾ, ನಡುವೆ ಮೇಯುವ ರೋಹು, ತಳದಲ್ಲಿ ಮೇಯುವ ಮೃಗಾಲ್ ಇವುಗಳನ್ನು ಕೂಡಿಸಿ ಬಿಟ್ಟರೆ ಹೊಂಡದ ಆಹಾರವೆಲ್ಲ ಸದುಪಯೋಗವಾಗುವುದು. ನೀರು ಕಡುಹಸುರಾದರೆ ಗೊಬ್ಬರವನ್ನು ತಡೆಯತಕ್ಕದ್ದು.

ಊರ ಕೆರೆಯನ್ನು ಮೀನಿಗಾಗಿ ಗುತ್ತಿಗೆ ಕೊಡುವಾಗ ಮುಖಂಡರು ಈ ಮಿತಿಗಳನ್ನು ಗುತ್ತಿಗೆದಾರರಿಗೆ ತಿಳಿಯಪಡಿಸಿ, ಪ್ರತಿದಿನ ನಸುಕಿನಲ್ಲಿ ನೀರನ್ನು ನೋಡುವ ವ್ಯವಸ್ಥೆ ಮಾಡಿಸಬೇಕಾಗಿ ವಿಜ್ಞಾಪನೆ.