ಚಿಟ್ಟಿಮೇಳದ ಸಾಲಿನಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಜಾತ್ರೆಗಳನ್ನು ಕಂಡ ವಾಚಕರಿಗೆ ಚಿಟ್ಟಿಮೇಳವನ್ನು ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಕಾಣದವರಿಗಾಗಿ ಇಷ್ಟನ್ನು ಹೇಳಬಹುದು: ಚರ್ಮವಾದ್ಯಗಳನ್ನು ಹೊತ್ತವರು ಸಾಲುಗಟ್ಟಿ ನಡೆಯುತ್ತ, ಹೆಜ್ಜೆ ಹಾಕುತ್ತ, ಒಂದೇ ಗತ್ತಿನಲ್ಲಿ ಬಾರಿಸುವ ಮೇಳವಿದು. ದೇವರ ಉತ್ಸವಕ್ಕೂ ಮದುವೆಯ ಮೆರವಣಿಗೆಗೂ ಇದೇ ಮುಂದಾಳು. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಹಾಸನ ಸೀಮೆಯ ಹೆಸರನ್ನು ಹೊತ್ತು ನಡೆಯುವ ಕಲೆಗಳಲ್ಲಿ ಇದೂ ಒಂದು. ಈ ವಾದ್ಯಗಳನ್ನು ತಲೆತಲಾಂತರದಿಂದ ಬಾರಿಸುತ್ತ ಬಂದವರು ಬಹುಮಟ್ಟಿಗೆ ದಲಿತ ಕೇರಿಗಳವರು.

ಬಾಲ್ಯದಲ್ಲಿ ತೇರಿನ ದಿನ ನಾವು ದೇವರಿಗಿಂತ ಮೊದಲು ನೋಡುತ್ತಿದ್ದುದು ಬೆಂಕಿಯನ್ನು. ಗುಡಿಯಿಂದ ಅಷ್ಟು ದೂರದಲ್ಲಿ ಒಣಹುಲ್ಲಿನ ಉರಿ ಹಾಕಿ ತಮಟೆಗಳನ್ನು ಕಾಯಿಸುತ್ತಿದ್ದರು. ಇಬ್ಬನಿಗೆ ಸಡಿಲವಾದ ಚರ್ಮವು ಬಿಸಿಗೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇನ್ನೊಮ್ಮೆ ಉರಿಗೆ ಹಿಡಿದು, ನಾದವು ಮನಸ್ಸಿಗೆ ಬಂದ ಮೇಲೆಯೇ ಹೆಗಲಿಗೇರಿಸುವರು. ಎರಡು ಊರುಗಳ ಮೇಳಗಳು ಎದುರುಬದುರಾದರಂತೂ ಮೆರವಣಿಗೆ ನಿಂತೇ ಬಿಡುತ್ತಿತ್ತು. ಒಂದು ಸಾಲು ಒಂದು ಗತ್ತನ್ನು ಬಾರಿಸಿ ನಿಲ್ಲಿಸುವುದು. ಇನ್ನೊಂದು ಸಾಲು ಅದನ್ನು ಎತ್ತಿಕೊಂಡು, ತನ್ನದೊಂದು ತಿರುವನ್ನು ಸೇರಿಸಿ ಹಿಂದಿರುಗಿಸುವುದು. ಯಾವ ಸಾಲಿನಲ್ಲಿ ಒಬ್ಬನ ಕೈ ತಪ್ಪಿತೋ ಆ ಸಾಲೆಲ್ಲ ಸೋತಂತೆ. ತೀರ್ಪುಗಾರರೆಂಬವರಿರಲಿಲ್ಲ, ನೆರೆದ ಜನರ ಕೇಕೆಯೇ ತೀರ್ಪು. ಒಮ್ಮೆ ನೆಲದ ಮೇಲಿಟ್ಟಿದ್ದ ತಮಟೆಯೊಂದರ ಮೇಲೆ ಕೈಯಾಡಿಸಹೋದ ನಮ್ಮನ್ನು ಹಿರಿಯರೊಬ್ಬರು ರಟ್ಟೆ ಹಿಡಿದು ಹಿಂದಕ್ಕೆಳೆದುದೂ, ಅದರ ಒಡೆಯನು “ಮಗ ತಾನೆ, ಬಿಡಿ ಬುದ್ಧಿ” ಎಂದು ತಗ್ಗಿದ ದನಿಯಲ್ಲಿ ನುಡಿದುದೂ ನಮಗೆ ಇಂದಿಗೂ ನೆನಪಿವೆ. ಯಾವ ವಾದ್ಯವಿಲ್ಲದೆ ಉತ್ಸವಮೂರ್ತಿಯು ಗುಡಿಯಿಂದ ಹೊರಡುವಂತಿರಲಿಲ್ಲವೋ ಅದನ್ನು ಮುಟ್ಟಿದರೆ ಮೈಲಿಗೆ!

ಮುಂದೆ ತಾರುಣ್ಯದಲ್ಲಿ, ತರಬೇತಿಯ ಶಿಬಿರವೊಂದರಲ್ಲಿ ನಾವು ತಮಟೆಯನ್ನು ಅಷ್ಟಿಷ್ಟು ಕಲಿತು, ಸಮಾರೋಪದ ದಿನ ಸುಮಾರು ಎರಡು ಮೈಲಿ ಅಂತಹ ಸಾಲಿನಲ್ಲಿ ನಡೆದೆವು. ದೂರದಿಂದ ನೋಡುವವರಿಗೆ ಇದು ಬರಿಯ ತೋಳ್ಬಲದ ಕೆಲಸವೆಂದು ತೋರುವುದು ಸಹಜ. ವಾದ್ಯವು ಎಡಹೆಗಲಿನಿಂದ ಇಳಿಬಿದ್ದು ಎಡತೋಳಿಗೆ ಆತುಕೊಂಡಿರುತ್ತದೆ; ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳುಗಡ್ಡಿ. ಹೊಸಬರ ಗಮನವೆಲ್ಲ ಬಲಗೈಯ ಪೆಟ್ಟಿನ ಮೇಲೆಯೇ ಇರುತ್ತದೆ. ಆದರೆ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಣ ತೆರವನ್ನು ತುಂಬಿ ಗತ್ತಿಗೆ ಜೀವ ಕೊಡುವುದು ಆ ತೆಳುಗಡ್ಡಿ. “ಎಡಗೈ ಮಲಗಿದ್ರೆ ತಮಟೆ ಮಾತಾಡಾಕಿಲ್ಲ ಕಣಪ್ಪಾ” ಎಂದು ನಮಗೆ ಕಲಿಸಿದ ವೃದ್ಧರು ದಿನಕ್ಕೆ ಹತ್ತು ಬಾರಿ ಹೇಳುತ್ತಿದ್ದರು. ಅವರು ನಮ್ಮನ್ನು ‘ಬುದ್ಧಿ’ ಎನ್ನದೆ ‘ಕಣಪ್ಪಾ’ ಎಂದುದನ್ನು ನಾವು ಬಿರುದಿನಂತೆ ಕಾಪಾಡಿಕೊಂಡಿದ್ದೇವೆ. ಮೊದಲನೆಯ ಮೈಲಿ ಮುಗಿಯುವಷ್ಟರಲ್ಲಿ ಹೆಗಲಿನ ಚರ್ಮ ಸುಲಿದಿತ್ತು. ಎರಡನೆಯದರಲ್ಲಿ ನೋವು ಮರೆತುಹೋಯಿತು. ಪಕ್ಕದವನ ಕೋಲನ್ನು ನೋಡದೆ ಅವನ ಹೆಜ್ಜೆಯನ್ನು ಕೇಳಿ ಬಾರಿಸುವುದು ತಾನಾಗಿ ಬಂದಿತು. ಗತ್ತು ಬದಲಾಗುವ ಮುನ್ನ ಮುಂದಾಳು ಎರಡು ಪೆಟ್ಟುಗಳನ್ನು ಎತ್ತಿ ಹೊಡೆಯುತ್ತಿದ್ದನು. ಅದಕ್ಕೆ ಕಿವಿಗೊಡದವನ ಅಲಕ್ಷ್ಯವು ಇಡೀ ಬೀದಿಗೆ ತಿಳಿದುಹೋಗುತ್ತದೆ.

ಅಮೇರಿಕ ದೇಶದಲ್ಲಿಯೂ ಇಂತಹ ಸಾಲುಗಳುಂಟು. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಯೋಧರ ಸಂಘಗಳು ನಗಾರಿ ಕಹಳೆಗಳ ದಳಗಳನ್ನು ಕಟ್ಟಿ ಸ್ಪರ್ಧೆಗಳನ್ನು ನಡೆಯಿಸಿದುವು. 1972ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್ ಎಂಬಲ್ಲಿ ಈ ದಳಗಳ ಅಂತರರಾಷ್ಟ್ರೀಯ ಸಂಸ್ಥೆಯ ಮೊದಲ ಪಂದ್ಯಾವಳಿ ನಡೆಯಿತು. ತೀರ್ಪುಗಾರರು ದಶಾಂಶಗಳವರೆಗೆ ಅಂಕ ಕೊಡುತ್ತಾರೆ. ನಮ್ಮ ಜಾತ್ರೆಯ ಕೇಕೆಗೆ ಆ ಸೂಕ್ಷ್ಮತೆಯಿಲ್ಲವೆನ್ನುವವರು ಒಮ್ಮೆ ಬಂದು ನಿಂತು ಕೇಳಬೇಕು! ಅದಿರಲಿ. ನಮ್ಮ ಲಕ್ಷ್ಯವನ್ನು ಸೆಳೆಯುವ ಭೇದವು ಬೇರೆ. ಅಲ್ಲಿನ ತರುಣ ತರುಣಿಯರು ಪರೀಕ್ಷೆ ಕೊಟ್ಟು, ಕೈಯಿಂದ ಹಣ ತೆತ್ತು ಆ ಸಾಲನ್ನು ಸೇರುತ್ತಾರೆ. ನಮ್ಮಲ್ಲಿ ಆ ಸ್ಥಾನವನ್ನು ಹುಟ್ಟೇ ನಿರ್ಣಯಿಸುತ್ತಿತ್ತು. ಸೇರುವುದಕ್ಕೂ ಬಿಡುವುದಕ್ಕೂ ಯಾರೂ ಅವರನ್ನು ಕೇಳಲಿಲ್ಲ. ಹಬ್ಬಕ್ಕೆ ಬಾರಿಸುವುದು, ಸಾವಿಗೆ ಬಾರಿಸುವುದು, ಹರಾಜಿನ ಪ್ರಕಟಣೆಯನ್ನು ಬೀದಿಬೀದಿಯಲ್ಲಿ ಸಾರುವುದು ಇವೆಲ್ಲ ಕಲೆಯೆನಿಸದೆ ಚಾಕರಿಯೆನಿಸಿದ್ದುವು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ಬಲ್ಲವರು ಈ ಮಾತನ್ನು ಬೇಗನೆ ಗ್ರಹಿಸುವರು. ಕಾವೇರಿಯ ದಡದ ಆ ಗ್ರಾಮದಲ್ಲಿ 1920ರಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರಿಗೆ 2011ರಲ್ಲಿ ಪದ್ಮಭೂಷಣ ದೊರೆಯಿತು. ತಂಬೂರಿಯಾಕಾರದ ಧ್ಯಾನಮಂದಿರವೊಂದು ಅಲ್ಲಿ ನಿಂತಿದೆ. ಇದು ಯೋಗ್ಯವಾದ ಗೌರವವೇ ಸರಿ. ಅದೇ ತಾಲ್ಲೂಕಿನ ಚಿಟ್ಟಿಮೇಳದಲ್ಲಿ ಜೀವಮಾನವೆಲ್ಲ ನಡೆದವರ ಹೆಸರುಗಳನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ಚಿಕ್ಕಬಳ್ಳಾಪುರದ ತಮಟೆಯ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನವು 1950ರಲ್ಲಿ ಜಾರಿಗೆ ಬಂದ ಮೇಲೆ ಎಪ್ಪತ್ತಮೂರು ವರ್ಷಗಳು ಕಳೆದಿದ್ದುವು.

1970ರ ದಶಕದಿಂದ ದಲಿತ ಚಳವಳಿಯು ಬೆಳೆದಂತೆ, ಊರಹಬ್ಬಕ್ಕೆ ತಮಟೆ ಹಿಡಿಯಲಾರೆವೆಂದು ಹೇಳಿದ ತರುಣರು ಅನೇಕರು. ಕಲೆ ಅಳಿಯುತ್ತದೆಂದು ಮರುಗಿದ ಪಟ್ಟಣಿಗರೂ ಇದ್ದರು. ನಮ್ಮ ಅಭಿಪ್ರಾಯದಲ್ಲಿ ತರುಣರದೇ ನ್ಯಾಯ: ಒಲ್ಲೆನೆನ್ನುವ ಅಧಿಕಾರವಿಲ್ಲದವನ ಬಾರಿಸುವಿಕೆಯನ್ನು ಕಲೆಯೆಂದು ಹೊಗಳುವುದು ಸುಲಭ, ಹೊಗಳುವವನ ಹೆಗಲಿಗೆ ಭಾರವಿಲ್ಲ. ಅದೇ ಚಳವಳಿಯ ಸಭೆಗಳಲ್ಲಿ, ಜಾಥಾಗಳಲ್ಲಿ ಅದೇ ತಮಟೆಯು ಬೇರೆಯೇ ದನಿಯಿಂದ ಮೊಳಗಿತಷ್ಟೆ. ಒಪ್ಪಿ ಹಿಡಿದ ಕೋಲು ಅದು.

ಉತ್ಸವಗಳನ್ನು ಏರ್ಪಡಿಸುವ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಅಲ್ಪವಾದುದು. ಆಮಂತ್ರಣ ಪತ್ರಿಕೆಯಲ್ಲಿ ‘ಚಿಟ್ಟಿಮೇಳದವರು’ ಎಂದು ಮುಗಿಸದೆ, ಗವಾಯಿಗಳ ಹೆಸರನ್ನು ಅಚ್ಚುಹಾಕಿಸುವಂತೆ ಇವರ ಹೆಸರುಗಳನ್ನೂ ಅಚ್ಚುಹಾಕಿಸಲಿ. ಸಂಭಾವನೆಯು ಬಾರಿಸಿದ ದಿನವೇ ಕೈಸೇರಲಿ. ಊಟವು ಎಲ್ಲರ ಪಂಕ್ತಿಯಲ್ಲಿಯೇ ಆಗಲಿ. ಮೇಳವನ್ನು ಕಲಿಸುವ ಶಿಬಿರಗಳಿಗೆ ಯಾವ ಬೀದಿಯ ಮಕ್ಕಳು ಬಂದರೂ ಸೇರಿಸಿಕೊಳ್ಳಲಿ. ಕಲಿಸುವ ಪೀಠದಲ್ಲಿ ಮಾತ್ರ ಕೇರಿಯ ಹಿರಿಯರೇ ಕುಳಿತಿರಲಿ.